ಲ್ಯಾಪ್‌ಟಾಪು ಪುಸ್ತಕವೋ ಆಯುಧವೋ

ಮಗಳು ಇನ್ನೂ ಸರಿಯಾಗಿ ಮಾತು ಕಲಿಯುವ ಮೊದಲೇ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಲಕ್ಷ್ಮಿಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಲು ನೋಡಿದಳು. ಲಕ್ಷ್ಮಿ ಸರಿಯಲಿಲ್ಲ. ಎರಡು ಬೆರಳಿಟ್ಟು ಹಿಗ್ಗಿಸಲು ನೋಡಿದಳು. ಲಕ್ಷ್ಮಿ ಹಿಗ್ಗಲೂ ಇಲ್ಲ. ಇದನ್ನು ಕಂಡ ನಮ್ಮ ಅತ್ತೆ, "ನೋಡು ಮಾರಾಯ್ತಿ, ಯಾರೂ ಹೇಳಿಕೊಡದೆ ಮಗು ದೇವರ ಪಾದ ಮುಟ್ಟುತ್ತದೆ" ಎಂದು ಇಡೀ ಬಿಲ್ಡಿಂಗಿಗೆ ಹೇಳಿಕೊಂಡು ಬಂದರು. ನಾನು ತಿದ್ದಲು ಹೋಗಲಿಲ್ಲ. ನಮ್ಮ ಅತ್ತೆಯನ್ನು ತಿದ್ದಿ ಗೆದ್ದವರನ್ನು ನಾನು ನಾವಿರುವ ಡೊಂಬಿವಲಿಯಲ್ಲಂತೂ ಕಂಡಿಲ್ಲ.

ಅವಳನ್ನು ಬಾಲವಾಡಿಗೆ ಹಾಕುವ ಹೊತ್ತಿಗೆ ಲಾಕ್‌ಡೌನ್ ಬಂತು. ಊಟದ ಟೇಬಲ್ಲಿನ ಮೇಲೆ ಒಂದು ಲ್ಯಾಪ್‌ಟಾಪು ಬಂದು ಕೂತಿತು, ಅದೇ ಶಾಲೆ ಎಂದಾಯಿತು. ಅಕ್ಷರ ತಿದ್ದುವ ಮೊದಲೇ ಅವಳು ತನ್ನನ್ನು ತಾನು ಮ್ಯೂಟ್ ಮಾಡಿಕೊಳ್ಳುವುದನ್ನು ಕಲಿತಳು. ಆ ವಿದ್ಯೆ ನಮ್ಮ ಮನೆಯಲ್ಲಿ ಇನ್ನೂ ಬೇರೆ ಯಾರಿಗೂ ಬಂದಿಲ್ಲ.

ನನ್ನ ಕಂಪ್ಯೂಟರ್ ಶಿಕ್ಷಣ ಇಷ್ಟು ಸಲೀಸಾಗಿ ಆಗಲಿಲ್ಲ. ನಾನು ವಿಜಾಪುರದವಳು. ಡಿಗ್ರಿ ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋದಾಗ ಚಪ್ಪಲಿ ಹೊರಗೆ ಬಿಡಬೇಕಿತ್ತು. ಒಳಗೆ ಗರ್ಭಗುಡಿಯಂಥ ಕತ್ತಲು, ಏಸಿ, ಜರಿಯಂಚಿನ ಬಟ್ಟೆ ಹೊದ್ದು ಕೂತ ಕಂಪ್ಯೂಟರುಗಳು. ಸರ್ ಒಬ್ಬರೇ ಮೌಸ್ ಹಿಡಿಯುತ್ತಿದ್ದರು, ನಾವು ಹಿಂದೆ ಕೈಕಟ್ಟಿ ನಿಂತು ದರ್ಶನ ಮಾಡುತ್ತಿದ್ದೆವು. ಕೋರ್ಸ್ ಮುಗಿದಾಗ ನನಗೆ ಅದನ್ನು ಆರಿಸಲು ಬರುತ್ತಿತ್ತು. ಹಚ್ಚಲು ಕಲಿತದ್ದು ಆಮೇಲೆ, ಸಾನಪಾಡಾದ ಆಫೀಸಿನಲ್ಲಿ, ಕೆಲಸ ಸಿಕ್ಕಿದ ಮೇಲೆ.

ಮಗಳು ಈಗ ಐದನೇ ಇಯತ್ತೆ. ಅಪ್ಪನ ಮನೆಯವರು ಉಡುಪಿಯವರು, ಅವ್ವ ವಿಜಾಪುರದವಳು. ಮಗಳು ಇಬ್ಬರ ಕನ್ನಡವನ್ನೂ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಶಾಲೆಯಿಂದ ಬಂದವಳೇ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾಳೆ. ತೆರೆಯ ಮೇಲೆ ಬಣ್ಣಬಣ್ಣದ ತುಂಡುಗಳಿರುತ್ತವೆ. ಪ್ರತಿ ತುಂಡಿನಲ್ಲೂ ಒಂದು ಅಪ್ಪಣೆ: ನಡೆ, ನಿಲ್ಲು, ಅಡ್ಡ ಬಂದರೆ ಹಾರು. ಅವನ್ನು ಒಂದರ ಕೆಳಗೊಂದು ಜೋಡಿಸಿದರೆ ಒಂದು ಬೊಂಬೆ ಹೇಳಿದ ಹಾಗೆ ಕೇಳುತ್ತದೆ. ಹೇಳಿದ ಹಾಗೆ ಕೇಳುವವರು ಮನೆಯಲ್ಲಿ ಅದೊಂದೇ ಆದ್ದರಿಂದ ನನಗೂ ಅದರ ಮೇಲೆ ಗೌರವವಿತ್ತು.

ಅತ್ತೆಗೆ ಇರಲಿಲ್ಲ. "ಹೊತ್ತು ಗೊತ್ತು ಇಲ್ಲದೆ ಆಟ" ಎನ್ನುತ್ತಿದ್ದರು. ಮಗಳು ಕಣ್ಣು ತೆರೆಯಿಂದ ಕೀಳದೆ, "ಅಜ್ಜೀ, ಯೇ ಖೇಲ್ ನಹೀಂ ಹೈ, ಪಢಾಯೀ ಹೈ" ಎನ್ನುತ್ತಿದ್ದಳು. ಆಟ ಅಲ್ಲ, ಓದು. ಮರುದಿನ ಮತ್ತೆ ಅದೇ ಮಾತು, ಅದೇ ಉತ್ತರ. ಇದು ಇಡೀ ವರ್ಷ ನಡೆಯಿತು. ನಮ್ಮ ಮನೆಯ ಸಂಜೆಯ ದೀಪ ಹಚ್ಚುವ ಹೊತ್ತಿನ ಮಂತ್ರವೇ ಅದಾಗಿತ್ತು.

ನವರಾತ್ರಿಯ ಹೊತ್ತಿಗೆ ಪಕ್ಕದ ಠಾಣೆ ಪಟ್ಟಣದ ಯಾವುದೋ ಸಂಸ್ಥೆ ಮಕ್ಕಳಿಗೊಂದು ಆನ್‌ಲೈನ್ ಸ್ಪರ್ಧೆ ಇಟ್ಟಿತು. ಮಕ್ಕಳು ತಾವೇ ಮಾಡಿದ ಆಟವನ್ನು ತೀರ್ಪುಗಾರರಿಗೆ ತೋರಿಸಿ ವಿವರಿಸಬೇಕು. ಮಗಳ ಆಟ ಕೊನೆಯ ಸುತ್ತಿಗೆ ಆಯ್ಕೆಯಾಗಿತ್ತು. ಏನು ಆಟ ಎಂದು ಕೇಳಿದರೆ "ಸರ್ಪ್ರೈಜ್" ಎನ್ನುತ್ತಿದ್ದಳು. ಊಟ ಮಾಡುವಾಗ, ಹಲ್ಲುಜ್ಜುವಾಗ, ಎಲ್ಲ ಹೊತ್ತಿನಲ್ಲೂ ಹೇಳಬೇಕಾದ್ದನ್ನು ಒದರುತ್ತ ತಿರುಗುತ್ತಿದ್ದಳು. ಅವಳು ಯಾವುದಕ್ಕೂ ಇಷ್ಟು ಆಸೆಪಟ್ಟದ್ದನ್ನು ನಾನು ಕಂಡಿರಲಿಲ್ಲ. ಸ್ಪರ್ಧೆ ನವಮಿಯ ದಿನ ಬಂದಿತ್ತು.

ಈಗ ನಮ್ಮ ಪೂಜೆಯ ವಿಷಯ ಹೇಳಬೇಕು. ತವರಿನಲ್ಲಿ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಅಪ್ಪ ತನ್ನ ಸೈಕಲ್ಲು, ಅವ್ವನ ಹೊಲಿಗೆ ಯಂತ್ರ, ನಮ್ಮ ಪಾಟಿಚೀಲ ಎಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು ಕುಂಕುಮ ಹಚ್ಚಿ ಕಾಯಿ ಒಡೆದು, ನೆಲದ ಮೇಲಿನ ಕಾಯಿನೀರು ಆರುವ ಮೊದಲೇ ಅದೇ ಸೈಕಲ್ಲು ಹತ್ತಿ ಹೋಗಿಬಿಡುತ್ತಿದ್ದ. ಉಡುಪಿಯವರಲ್ಲಿ ಹಾಗಲ್ಲ. ಅವರದು ಎರಡು ಸಾಲು. ಒಂದು ಪುಸ್ತಕದ್ದು: ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಪೇರಿಸಿ ಶಾರದೆಯನ್ನು ಕೂರಿಸಿದರೆ, ವಿಜಯದಶಮಿಯಂದು ಅವಳನ್ನು ಬೀಳ್ಕೊಡುವ ತನಕ ಯಾರೂ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ. ಇನ್ನೊಂದು ಆಯುಧದ್ದು, ನವಮಿಯ ದಿನ: ಮಿಕ್ಸರು, ಸ್ಕೂಟರು, ಕಲ್ಯಾಣದಲ್ಲಿರುವ ಮಾವನವರ ಹೊಟೇಲಿನ ಗ್ರೈಂಡರು. ಇವಕ್ಕೆ ಕಟ್ಟುಪಾಡಿಲ್ಲ, ಕುಂಕುಮ ಹಚ್ಚಿಸಿಕೊಂಡು ಕೆಲಸಕ್ಕೆ ಹತ್ತುತ್ತವೆ. ಇಷ್ಟೂ ನನಗೆ ಗೊತ್ತಿತ್ತು. ಲ್ಯಾಪ್‌ಟಾಪು ಯಾವ ಸಾಲಿನದು ಎಂಬುದು ಗೊತ್ತಿರಲಿಲ್ಲ, ಏಕೆಂದರೆ ಆ ತನಕ ಅದಕ್ಕೆ ಯಾರೂ ಪೂಜೆ ಮಾಡಿರಲಿಲ್ಲ.

ಮೂಲಾ ನಕ್ಷತ್ರದ ದಿನ ಬೆಳಿಗ್ಗೆ ನಾನು ಠಾಣೆ ಸ್ಟೇಶನ್ನಿನಲ್ಲಿ ಲೋಕಲ್ ಗಾಡಿ ಬದಲಿಸುತ್ತಿದ್ದೆ. ಹಿಂದಿನಿಂದ ಒಂದು ಊರೇ ನೂಕುತ್ತಿತ್ತು. ಅಷ್ಟರಲ್ಲಿ ಅತ್ತೆಯ ಫೋನು.

"ಇವತ್ತು ಪೂಜೆ ಅಲ್ವಾ, ಮಗುವಿನ ಲ್ಯಾಪ್‌ಟಾಪು ಸಹ ಇಡುವನಾ?"

ನನ್ನ ಕಣ್ಣ ಮುಂದೆ ಅಪ್ಪನ ಸೈಕಲ್ಲು ಬಂತು. "ಇಡ್ರಿ ಅತ್ತಿ, ಇಡ್ರಿ! ಕಾಂಪಿಟಿಶನ್ ಐತಿ, ದೇವರ ಕೃಪಾ ಆಗ್ಲಿ!" ಎಂದು ಪ್ಲಾಟ್‌ಫಾರಮ್ಮಿಗೆಲ್ಲ ಕೇಳುವ ಹಾಗೆ ಕೂಗಿ ಗಾಡಿ ಹತ್ತಿದೆ.

ಸಂಜೆ ಬಂದು ನೋಡಿದರೆ ದೇವರ ಮುಂದೆ ಮಣೆ, ಮಣೆಯ ಮೇಲೆ ಲ್ಯಾಪ್‌ಟಾಪು. ಅಗಲವಾಗಿ ಗಟ್ಟಿಯಾಗಿದೆಯೆಂದು ಅದನ್ನೇ ಅಡಿಪಾಯ ಮಾಡಿದ್ದರು. ಅದರ ಮೇಲೆ ಮಗಳ ಪಠ್ಯಪುಸ್ತಕಗಳು, ಅವುಗಳ ಮೇಲೆ ಪಂಚಾಂಗ, ಅದರ ಮೇಲೆ ಒಂದು ದಪ್ಪ ಪುರಾಣ, ತುದಿಯಲ್ಲಿ ಶಾರದೆಯ ಫೋಟೋ, ಸೇವಂತಿಗೆ ಮಾಲೆ. ಲ್ಯಾಪ್‌ಟಾಪು ಬೇಕೆಂದರೆ ಶಾರದೆಯನ್ನೇ ಇಳಿಸಬೇಕು. ಮಗಳು ಸೋಫಾದ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಕೊಟ್ಟು ಕೂತಿದ್ದಳು. ನಾನು ಹೆಗಲ ಚೀಲ ಇಳಿಸದೆ ಅತ್ತೆಯ ಹತ್ತಿರ ಹೋದೆ.

"ಅತ್ತಿ, ಲ್ಯಾಪ್‌ಟಾಪ್ ನವಮಿ ದಿವ್ಸ ಬೇಕಲ್ರೀ."

"ದಶಮಿಗೆ ತೆಗೆಯುದು."

"ಅಲ್ರೀ, ಮಿಕ್ಸರ್ ಅದೇ ದಿನಾ ತಿರುಗಸ್ತೀರಲ್ಲ?"

"ಮಿಕ್ಸರು ಆಯುಧ. ಇದು ಪುಸ್ತಕ."

"ಕರೆಂಟಿಗೆ ಹಚ್ಚೂ ಪುಸ್ತಕ ಎಲ್ಲೈತ್ರೀ?"

ಅತ್ತೆ ಕೈಯಲ್ಲಿದ್ದ ಹೂವಿನ ಬುಟ್ಟಿ ಕೆಳಗಿಟ್ಟರು. "ನಿನ್ನ ಮಗಳೇ ಹೇಳಿದ್ದಲ್ವಾ ವರ್ಷ ಇಡೀ, ಆಟ ಅಲ್ಲ, ಓದು ಅಂತ. ನಾನು ಸಹ ನೋಡಿದೆ. ಊಟ ಬಿಟ್ಟು ಕೂರ್ತದೆ ಮಗು, ತಪ್ಪಾದ್ರೆ ಪುನಃ ಮಾಡ್ತದೆ. ಹೌದು, ಇದು ಓದುದೇ ಅಂತ ಒಪ್ಪಿದೆ. ಒಪ್ಪಿದ ಮೇಲೆ ಮಿಕ್ಸರಿನೊಟ್ಟಿಗೆ ಇಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಮತ್ತೆ?"

ಆದರೂ ಒಂದು ದಿನದ ಮಟ್ಟಿಗೆ ತೆಗೆದು ಕೊಡ್ರಿ ಎಂದೆ. "ಇಜ್ಜಿ" ಅಂದರು. ತುಳುವಿನಲ್ಲಿ ಇಲ್ಲ ಎಂದ ಮೇಲೆ ಮುಗಿಯಿತು, ಅದಕ್ಕೆ ಅಪೀಲು ಇಲ್ಲ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು ನಮ್ಮ ಹುಡುಗಿಯ ಗತಿ. ವರ್ಷವಿಡೀ ವಾದ ಮಾಡಿ ಗೆದ್ದಳು, ಗೆದ್ದದ್ದಕ್ಕೇ ಸಿಕ್ಕಿಹಾಕಿಕೊಂಡಳು.

ಅತ್ತೆಯದು ಬರೀ ಹಟವಾಗಿದ್ದರೆ ನಾನೂ ಬಿಡುತ್ತಿರಲಿಲ್ಲ, ನಮ್ಮ ಕಡೆಯವರಿಗೆ ಹಟ ಹೊಸದಲ್ಲ. ಆದರೆ ಪುಸ್ತಕದ ವಿಷಯದಲ್ಲಿ ಅವರ ಭಯಭಕ್ತಿಯೇ ಬೇರೆ. ಚಿಕ್ಕಂದಿನಲ್ಲಿ ತಮ್ಮಂದಿರನ್ನು ನೋಡಿಕೊಳ್ಳಲು ಅವರನ್ನು ಶಾಲೆ ಬಿಡಿಸಿದ್ದರು. ವಿಜಯದಶಮಿಯ ದಿನ ಪುಸ್ತಕ ತೆಗೆದ ಮೇಲೆ ಮನೆಯ ಮಕ್ಕಳೆಲ್ಲ ಒಂದೊಂದು ಸಾಲು ಓದಬೇಕೆಂಬುದು ಪದ್ಧತಿ. ತಮ್ಮಂದಿರು ಓದುತ್ತಿದ್ದರಂತೆ, ಇವರು ಆರತಿ ತಟ್ಟೆ ಹಿಡಿದು ನಿಲ್ಲುತ್ತಿದ್ದರಂತೆ. ಈಗಲೂ ನಮ್ಮ ಮನೆಯಲ್ಲಿ ಹಾಗೆಯೇ. ಎಲ್ಲರ ಕೈಗೂ ಪುಸ್ತಕ ಕೊಡುವವರು ಅವರು, ಅವರ ಕೈಗೆ ಯಾರೂ ಕೊಟ್ಟಿಲ್ಲ. ಇದನ್ನು ಅವರು ದುಃಖದಿಂದ ಹೇಳಿದ್ದಲ್ಲ, ಒಮ್ಮೆ ಬೀನ್ಸ್ ಹೆಚ್ಚುತ್ತ ಹೇಳಿದ್ದರು. ನನಗೇ ಬೇಸರವಾಗಿತ್ತು.

ನನ್ನ ಗಂಡ ಬ್ಯಾಂಕಿನವರು. ಇಬ್ಬರ ಅಹವಾಲನ್ನೂ ಕೇಳಿಸಿಕೊಂಡು, ಚಹಾ ಕುಡಿದು, ಮಗಳನ್ನು ಪಕ್ಕಕ್ಕೆ ಕರೆದು ಉಪಾಯ ಹೇಳಿದರು. "ಅದು ಆಟವೇ ಅಂತ ಹೇಳಿಬಿಡು ಪುಟ್ಟಾ. ಆಟದ ಸಾಮಾನು ಅಂದ್ರೆ ಅಜ್ಜಿ ಈಗಲೇ ತೆಗೆದು ಕೊಡ್ತಾರೆ."

ಉಪಾಯ ಸರಿಯಾಗಿಯೇ ಇತ್ತು. ಆಟದ ಸಾಮಾನನ್ನು ಶಾರದೆಯ ಅಡಿಗೆ ಇಡಲು ಅತ್ತೆ ಒಪ್ಪುವವರಲ್ಲ. ಮಗಳು ಹೋದಳು. ಅತ್ತೆ ದೇವರ ಮುಂದೆ ಕೂತು ಹತ್ತಿ ಹೊಸೆದು ಬತ್ತಿ ಮಾಡುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ.

"ಎಂತ ಮಗಾ?" ಎಂದರು ಅತ್ತೆ.

ಹುಡುಗಿ ಲ್ಯಾಪ್‌ಟಾಪನ್ನು ನೋಡಿದಳು, ಶಾರದೆಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. "ಕುಛ್ ನಹೀಂ" ಎಂದು ತಿರುಗಿ ಬಂದಳು. ಬಂದು ನನ್ನ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತಳು. "ಅಜ್ಜೀ ಅಬ್ ಮಾನ್ ಗಯೀ, ಮಮ್ಮಿ. ಅಬ್ ಮೈಂ ಕೈಸೇ ಬೋಲೂಂ ಖೇಲ್ ಹೈ?" ಅಜ್ಜಿ ಈಗಷ್ಟೇ ಒಪ್ಪಿದ್ದಾಳೆ, ಈಗ ಬರೀ ಆಟ ಎಂದು ಹೇಗೆ ಹೇಳಲಿ ಎಂದು. ನನಗೂ ಕಣ್ಣು ತುಂಬಿತು. ಗಂಡನ ಮೇಲೆ ಸಿಟ್ಟೂ ಬಂತು. ಅವರು ಅಷ್ಟರಲ್ಲಿ ಪೇಪರು ಹಿಡಿದಿದ್ದರು.

ಮರುದಿನ ಸ್ಪರ್ಧೆಯ ಮೇಡಂಗೆ ಫೋನ್ ಮಾಡಿ, ಲ್ಯಾಪ್‌ಟಾಪು ಪೂಜೆಗೆ ಕೂತಿದೆ, ದಿನ ಬದಲಿಸಲು ಆಗುತ್ತದೆಯೇ ಎಂದು ಕೇಳಿದೆ. ಅವರು ಮರಾಠಿಯವರು. "ನಮ್ಮಲ್ಲೂ ಸರಸ್ವತಿ ಪೂಜೆ ಇದೆಯಲ್ಲ, ಆದರೆ ದಸರೆಯ ದಿನ ಮಾತ್ರ. ನಿಮ್ಮ ದೇವಿ ಮೊದಲೇ ಏಕೆ ಬರುತ್ತಾಳೆ?" ಎಂದು ನಿಜವಾದ ಆಸಕ್ತಿಯಿಂದ ವಿಚಾರಿಸಿದರು. ದಿನ ಬದಲಾಗಲಿಲ್ಲ. ಮೊಬೈಲಿನಲ್ಲಿ ತೋರಿಸಲೂ ಆಗುವುದಿಲ್ಲ, ಬಾಣದ ಗುರುತಿನ ಕೀ ಒತ್ತಿ ಆಡುವ ಆಟವಂತೆ. ನನ್ನ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಮಳೆ ಬರುತ್ತದೆಯೇ ಎಂದು ನೋಡುವುದಕ್ಕೂ ಮೇಲಿನವರ ಅನುಮತಿ ಬೇಕು. ಅತ್ತ ದರಿ, ಇತ್ತ ಪುಲಿ.

"ಹೋಗ್ಲಿ ಬಿಡವ್ವಾ. ಬ್ಯಾರೆ ಕಂಪ್ಯೂಟರ್ ಸಿಕ್ರೂ ಏನ್ ಮಾಡೂದು, ನಿನ್ನ ಆಟ ಆ ಲ್ಯಾಪ್‌ಟಾಪಿನ್ಯಾಗ ಐತಿ" ಎಂದೆ.

"ಉಸ್ ಮೇಂ ನಹೀಂ ಹೈ" ಎಂದಳು.

"ಮತ್ತ ಎಲ್ಲೈತಿ?"

ಅವಳು ಬೆರಳು ಮೇಲೆ ಮಾಡಿದಳು. ನಾನು ನೋಡಿದೆ. ಫ್ಯಾನು ತಿರುಗುತ್ತಿತ್ತು. ಆಮೇಲೆ ಅವಳೇ ಸಣ್ಣ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು: ಮಾಡಿದ್ದೆಲ್ಲ ಇಂಟರ್‌ನೆಟ್ಟಿನಲ್ಲಿದೆ, ಪಾಸ್‌ವರ್ಡ್ ಹಾಕಿದರೆ ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ, ಅಜ್ಜನ ಹೊಟೇಲಿನದರಲ್ಲೂ ತೆರೆಯುತ್ತದೆ.

"ಇದನ್ನ ನಿನ್ನೇನ ಹೇಳ್ಬಾರ್ದಿತ್ತೇನ?"

"ಆಪ್‌ನೇ ಪೂಛಾ ನಹೀಂ."

ಕೇಳಲಿಲ್ಲ, ನಿಜ. ಆದರೆ ಅವಳು ಸುಮ್ಮನಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ಶಾರದೆ ಕೂತಿರುವಾಗ ಓದುವ ಹಾಗಿಲ್ಲ. ಇದು ಓದು ಎಂದಾದರೆ ಡೊಂಬಿವಲಿಯಲ್ಲೇನು, ಕಲ್ಯಾಣದಲ್ಲೇನು? ಅಜ್ಜಿಯನ್ನು ಕೇಳದೆ ಮುಟ್ಟುವುದಿಲ್ಲ ಎಂದಳು. ಹಾಗಾದರೆ ಕೇಳು ಎಂದೆ. "ಕಲ್" ಎಂದಳು. ನಾಳೆ.

ಮರುದಿನ ನವಮಿ. ಪ್ರತಿ ವರ್ಷದ ಹಾಗೆ ಎಲ್ಲರೂ ಕಲ್ಯಾಣಕ್ಕೆ ಹೋದೆವು. ಮಾವನವರ ಹೊಟೇಲು ಸ್ಟೇಶನ್ನಿನಿಂದ ಹೊರಗೆ ಬಂದರೆ ರಿಕ್ಷಾಗಳ ಗದ್ದಲದಾಚೆ ಕಾಣುತ್ತದೆ. ಅಲ್ಲಿ ಆಯುಧಪೂಜೆ ಮಾಡಿಸುವವರು ಅತ್ತೆಯೇ. ಗ್ರೈಂಡರಿಗೆ ಮಾಲೆ, ದೋಸೆಕಲ್ಲಿಗೆ ಗಂಧ, ಕಾಫಿ ಫಿಲ್ಟರಿಗೆ ಕುಂಕುಮ. ಕೊನೆಗೆ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಪಕ್ಕದಲ್ಲಿ ಬಿಲ್ಲು ಮಾಡುವ ಕಂಪ್ಯೂಟರಿಗೂ ಒಂದು ಬೊಟ್ಟು, ಒಂದು ಗೊಂಡೆ ಹೂ. ಕುಂಬಳಕಾಯಿ ಒಡೆದಾದ ಮೇಲೆ ಒಂದೊಂದು ಆಯುಧದಿಂದಲೂ ಮೊದಲ ಕೆಲಸ ಮಾಡಿಸಬೇಕು. ಗ್ರೈಂಡರು ಒಂದು ಹಿಡಿ ಉದ್ದು ತಿರುವಿತು, ಕಲ್ಲಿನ ಮೇಲೆ ಒಂದು ದೋಸೆ ಎದ್ದಿತು.

ಮಗಳು ಕಂಪ್ಯೂಟರಿನ ಪಕ್ಕ ಹೋಗಿ ನಿಂತಿದ್ದಳು. ಸ್ಪರ್ಧೆಯ ಹೊತ್ತು ಹತ್ತಿರ ಬಂದಿತ್ತು.

"ಅಜ್ಜೀ, ಯೇ ಪುಸ್ತಕ ಹೈ ಯಾ ಆಯುಧ?"

"ಇದಾ? ಬಿಲ್ಲು ಮಾಡುದು. ಆಯುಧ."

"ತೋ ಪೂಜಾ ಕೇ ಬಾದ್ ಇಸ್ ಪೇ ಕಾಮ್ ಕರ್‌ನಾ ಹೈ?" ಪೂಜೆಯಾದ ಮೇಲೆ ಇದರಲ್ಲಿ ಕೆಲಸ ಮಾಡಬೇಕಲ್ಲ ಎಂದು.

"ಮಾಡ್ಲೇಬೇಕು. ಪೂಜೆ ಮಾಡಿಸಿಕೊಂಡು ಸುಮ್ಮನೆ ಕೂತ್ರೆ ವರ್ಷ ಇಡೀ ಸುಮ್ಮನೇ ಕೂರ್ತದೆ."

"ಮೈಂ ಕರೂಂ?"

"ಮಾಡು" ಎಂದರು ಅತ್ತೆ, ತಟ್ಟೆಯಲ್ಲಿ ಕರ್ಪೂರ ಹುಡುಕುತ್ತ.

ಮಗಳು ಮಾವನವರ ಕುರ್ಚಿ ಏರಿದಳು. ಕೀಬೋರ್ಡಿನ ಮೇಲಿದ್ದ ಹೂವನ್ನು ಕಣ್ಣಿಗೊತ್ತಿ ಪಕ್ಕಕ್ಕಿಟ್ಟು, ಪಾಸ್‌ವರ್ಡ್ ಹಾಕಿದಳು. ತೀರ್ಪುಗಾರರಿಗೆ ತನ್ನ ಮುಖ ಕಾಣಲೆಂದು ನನ್ನ ಫೋನನ್ನು ಬಡೇಸೋಪಿನ ಬಟ್ಟಲಿಗೆ ಒರಗಿಸಿದಳು. ಅತ್ತೆ ತಲೆಯೆತ್ತಿದಾಗ ತೆರೆಯ ಮೇಲೆ ಇಡ್ಲಿ ವಡೆಯ ಬಿಲ್ಲಿರಲಿಲ್ಲ, ಠಾಣೆಯ ಮೇಡಂ ಇದ್ದರು. ಅತ್ತೆ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ತಿಂಡಿಗಳ ಹೆಸರುಗಳನ್ನು ಓದುತ್ತ ನಿಂತೆ.

"ನಿನ್ನ ಮಗಳೇ ಇದು, ಸಂಶಯ ಇಲ್ಲ" ಎಂದರು. ಸಿಕ್ಕಿದ ಕರ್ಪೂರವನ್ನು ತಟ್ಟೆಯ ನಡುವೆ ಇಟ್ಟರು. "ಆಯ್ತು. ಇಲ್ಲಿ ಆಯುಧ, ಮನೆಯಲ್ಲಿ ಪುಸ್ತಕ. ಮಾಡು ಅಂತ ಹೇಳಿ ಆಗಿದೆ, ಮಾಡ್ಲಿ."

ಆಟ ಶುರುವಾಯಿತು. ತೆರೆಯ ಮೇಲೆ ಡೊಂಬಿವಲಿ ಸ್ಟೇಶನ್ನು. ಹಸಿರು ಸೀರೆ ಉಟ್ಟ, ಬಿಳಿ ತುರುಬಿನ, ಕನ್ನಡಕದ ಒಬ್ಬ ಮುದುಕಿ ಚೀಲ ಹಿಡಿದು ಪ್ಲಾಟ್‌ಫಾರಮ್ಮಿನಲ್ಲಿ ಓಡುತ್ತಾಳೆ. ಮೀನಿನ ಬುಟ್ಟಿ, ಮಲಗಿದ ನಾಯಿ, ಸೂಟ್‌ಕೇಸು ಎಲ್ಲವನ್ನೂ ಹಾರಿ ಗಾಡಿ ಬಿಡುವುದರೊಳಗೆ ಲೇಡೀಸ್ ಡಬ್ಬಿ ಹತ್ತಬೇಕು. ಮಗಳು ವಿವರಿಸುತ್ತ ಬೇಕೆಂದೇ ಒಮ್ಮೆ ನಾಯಿಗೆ ಡಿಕ್ಕಿ ಹೊಡೆಸಿದಳು. ಮುದುಕಿ ಬಿದ್ದಳು. "ಅಯ್ಯೋ ದೇವರೇ!" ಎಂದು ಕಂಪ್ಯೂಟರು ಕೂಗಿತು.

ಅದು ಅತ್ತೆಯ ದನಿ. ಯಾವಾಗಲೋ ಕದ್ದು ರೆಕಾರ್ಡ್ ಮಾಡಿಕೊಂಡಿದ್ದಳು. ದೋಸೆ ಹುಯ್ಯುವವರು ಸೌಟು ಹಿಡಿದೇ ಹೊರಗೆ ಬಂದು ಅತ್ತೆ ಎಲ್ಲಿ ಬಿದ್ದರೆಂದು ನೋಡಿದರು. ಅತ್ತೆ ಆರತಿ ತಟ್ಟೆ ಹಿಡಿದು ನಿಂತೇ ಇದ್ದರು. ಕಾಫಿ ಕುಡಿಯುತ್ತಿದ್ದ ಒಬ್ಬ ಗಿರಾಕಿ ಕಪ್ಪಿನ ಸಮೇತ ಎದ್ದು ಬಂದು, "ಆಜೀ, ಉಡೀ ಮಾರಾ!" ಎಂದು ಮುದುಕಿಗೆ ಹಾರಲು ಮರಾಠಿಯಲ್ಲಿ ಹುರಿದುಂಬಿಸಿದರು.

ತೀರ್ಪುಗಾರರೊಬ್ಬರು, ಈ ಅಜ್ಜಿ ಯಾರು ಎಂದು ಕೇಳಿದರು.

"ಮೇರೀ ಅಜ್ಜೀ" ಎಂದು ಮಗಳು ಫೋನು ತಿರುಗಿಸಿದಳು.

ಹಸಿರು ಸೀರೆ, ಬಿಳಿ ತುರುಬು, ಕನ್ನಡಕ, ಕೈಯಲ್ಲಿ ಉರಿಯುವ ಕರ್ಪೂರ. ಅತ್ತೆ ಫೋನನ್ನು ನೋಡಲೇ ಇಲ್ಲ. ಅವರು ತೆರೆಯ ಮೇಲಿನ ಮುದುಕಿಯನ್ನೇ ನೋಡುತ್ತಿದ್ದರು. ನೋಡಿ ನೋಡಿ, ತೀರ್ಪುಗಾರರಿಗೂ ಅರ್ಥವಾಗಲೆಂದು ತಮ್ಮ ಹಿಂದಿಯಲ್ಲಿ ಹೇಳಿದರು: "ಸಾಡೀ ಕೋ ಬಾರ್ಡರ್ ನಹೀಂ ಹೈ."

ಬಹುಮಾನ ಬರಲಿಲ್ಲ. ನೀರು ಉಳಿಸುವ ಆಟ ಮಾಡಿದ ಯಾವುದೋ ಹುಡುಗಿಗೆ ಹೋಯಿತು. ನೀರಿನ ಎದುರು ಯಾರೂ ಗೆಲ್ಲಲಾಗುವುದಿಲ್ಲ ಬಿಡಿ. ಮಗಳು ಬೇಸರಪಟ್ಟುಕೊಂಡಾಳೆಂದು ಹೆದರಿದ್ದೆ. ಅವಳು ಗಾಡಿಯಲ್ಲಿ ಅಜ್ಜಿಯ ಪಕ್ಕ ಕೂತು ಸೆರಗು ಹಿಡಿದು ಅಂಚನ್ನು ಅಭ್ಯಾಸ ಮಾಡುತ್ತಿದ್ದಳು.

ದಶಮಿಯ ಬೆಳಿಗ್ಗೆ ಅತ್ತೆ ಶಾರದೆಯನ್ನು ಇಳಿಸಿ, ಪುರಾಣ ಇಳಿಸಿ, ಪಂಚಾಂಗ ಇಳಿಸಿ, ಎಲ್ಲರ ಕೈಗೂ ಒಂದೊಂದು ಪುಸ್ತಕ ಕೊಟ್ಟರು. ಎಲ್ಲರೂ ಒಂದೊಂದು ಸಾಲು ಓದಿದೆವು. ಕೊನೆಯಲ್ಲಿ ಉಳಿದದ್ದು ಲ್ಯಾಪ್‌ಟಾಪು. ಕುಂಕುಮ ಒರೆಸಿ ಮಗಳಿಗೆ ಕೊಟ್ಟು, "ಹ್ಞಾಂ, ಓದು" ಎಂದು ತಾವೂ ಪಕ್ಕದಲ್ಲಿ ಕೂತರು. ಮಗಳು ಆಟ ತೆರೆದು, ಯಾವ ಬಣ್ಣದ ಅಂಚು ಬೇಕೆಂದು ಕೇಳಿದಳು. ಅತ್ತೆ ಕೆಂಪು ಎಂದರು. ಆ ಕೆಂಪಲ್ಲ, ಈ ಕೆಂಪಲ್ಲ, ಇನ್ನೂ ಸ್ವಲ್ಪ ಗಾಢ. ಸೀರೆ 'ಓದಿ' ಮುಗಿಯುವ ಹೊತ್ತಿಗೆ ಪಾಯಸ ತಳ ಹಿಡಿದಿತ್ತು. ಅತ್ತೆ ಏಳುವ ಮೊದಲು ಮಗಳು ಅವರ ಬೆರಳನ್ನು ಹಿಡಿದು ಬಾಣದ ಗುರುತಿನ ಮೇಲಿಟ್ಟಳು.

ದೀಪಾವಳಿಗೆ ಮುಂಚೆ ಒಂದು ಶನಿವಾರ, ನನಗೆ ರಜೆ. ಮಗಳು ಶಾಲೆಗೆ ಹೋಗಿದ್ದಳು. ಬಟ್ಟೆ ಒಣಹಾಕುತ್ತಿದ್ದವಳಿಗೆ ಒಳಗಿನಿಂದ "ಅಯ್ಯೋ ದೇವರೇ!" ಎಂದು ಕೇಳಿತು. ಈ ವಯಸ್ಸಿನಲ್ಲಿ ಬಿದ್ದರೆ ಹುಡುಗಾಟವೇ? ಬಕೆಟ್ ಅಲ್ಲೇ ಬಿಟ್ಟು ಓಡಿದೆ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಕಟ್ಟೆಯ ಮೇಲೆ ಹರಿಯುತ್ತಿತ್ತು, ಅತ್ತೆ ಅಲ್ಲಿರಲಿಲ್ಲ. ಊಟದ ಟೇಬಲ್ಲಿನ ಮುಂದೆ ಬೆನ್ನು ನೇರ ಮಾಡಿ, ಒಂದೇ ಬೆರಳನ್ನು ಕೀಬೋರ್ಡಿನ ಮೇಲೆ ನಿಲ್ಲಿಸಿ ಕೂತಿದ್ದರು. ತೆರೆಯ ಮೇಲೆ ಕೆಂಪಂಚಿನ ಮುದುಕಿ ನಾಯಿಯ ಪಕ್ಕ ಬಿದ್ದಿದ್ದಳು.

"ಅತ್ತಿ! ಹಾಲು ಉಕ್ಕಿ ಹೋತಲ್ರೀ!"

ಅತ್ತೆ ತಿರುಗಲಿಲ್ಲ. ಇನ್ನೊಂದು ಕೈಯನ್ನು ನನ್ನ ಕಡೆಗೆ ಅಡ್ಡ ಹಿಡಿದರು.

"ತಡೆ ಮಾರಾಯ್ತಿ. ಓದ್ತಾ ಇದ್ದೇನೆ."

ನಾನು ಸದ್ದು ಮಾಡದೆ ಹೋಗಿ ಗ್ಯಾಸ್ ಆರಿಸಿದೆ.